ಫಿಸ್ಟುಲಾ ಟ್ರೇ ಸಿದ್ಧಪಡಿಸಿದ ಇಪ್ಪತ್ನಾಲ್ಕು ದಿನಗಳು

ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಆಸ್ಪತ್ರೆ ದೊಡ್ಡದಲ್ಲ. ಮೂವತ್ತು ಹಾಸಿಗೆ, ಒಂದು ಆಪರೇಷನ್ ಥಿಯೇಟರ್, ನಾಲ್ಕು ಡಯಾಲಿಸಿಸ್ ಯಂತ್ರ. ಹನ್ನೊಂದು ವರ್ಷಗಳಿಂದ ನಾನು ಆ ಥಿಯೇಟರಿನ ನರ್ಸ್. ಸಿಸೇರಿಯನ್, ಹರ್ನಿಯಾ, ಅಪೆಂಡಿಕ್ಸ್ ಎಂದರೆ ಟ್ರೇಯಲ್ಲಿ ಏನೇನಿರಬೇಕೆಂದು ಯಾರನ್ನೂ ಕೇಳಬೇಕಾಗಿಲ್ಲ. ಡಯಾಲಿಸಿಸ್ ರೋಗಿಗಳ ಕೈಯಲ್ಲಿ ಮಾಡುವ ಫಿಸ್ಟುಲಾ ಶಸ್ತ್ರಚಿಕಿತ್ಸೆಯನ್ನು ಮಾತ್ರ ಒಮ್ಮೆಯೂ ನೋಡಿರಲಿಲ್ಲ. ನಮ್ಮ ರೋಗಿಗಳು ಅದಕ್ಕಾಗಿ ಬೆಳಗಾವಿಗೋ ಹುಬ್ಬಳ್ಳಿಗೋ ಹೋಗಿ ಬರುತ್ತಿದ್ದರು. ಹೋಗಲಾಗದವರು ಕುತ್ತಿಗೆಯಲ್ಲಿ ತಾತ್ಕಾಲಿಕ ನಳಿಕೆ ಇಟ್ಟುಕೊಂಡೇ ದಿನ ದೂಡುತ್ತಿದ್ದರು. ಆ ನಳಿಕೆಯಿಂದ ರಕ್ತಕ್ಕೆ ನಂಜೇರಿ, ಚಳಿಜ್ವರದಲ್ಲಿ ಗದಗದ ನಡುಗುತ್ತ ಬಂದವರನ್ನು ನಾನೇ ಹಾಸಿಗೆಗೆ ಸೇರಿಸಿದ್ದೇನೆ.

ಹಾಗಾಗಿ ಬೆಳಗಾವಿಯ ರಕ್ತನಾಳ ತಜ್ಞರೊಬ್ಬರು ತಿಂಗಳಿಗೊಂದು ಭಾನುವಾರ ಇಲ್ಲಿಗೇ ಬಂದು ಫಿಸ್ಟುಲಾ ಮಾಡಿಕೊಡಲು ಒಪ್ಪಿದ್ದಾರೆ ಎಂದು ನಮ್ಮ ಹಿರಿಯ ವೈದ್ಯರು ಹೇಳಿದಾಗ ಮನಸ್ಸು ತುಂಬಿ ಬಂತು. "ಸಿಸ್ಟರ್, ಸಾಮಾನು ಸಿದ್ಧ ಮಾಡುವ ಹೊಣೆ ನಿಮ್ಮದು. ಇಪ್ಪತ್ನಾಲ್ಕು ದಿನ ಸಮಯವಿದೆ" ಎಂದರು. ಅಷ್ಟು ದಿನ ಧಾರಾಳವಾಯಿತು ಎಂದುಕೊಂಡೆ. ಕೊನೆಯ ವಸ್ತು ನನ್ನ ಕೈಸೇರಿದ್ದು ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ಹತ್ತೂವರೆಗೆ. ನಮ್ಮಂಥ ಸಣ್ಣ ಆಸ್ಪತ್ರೆಗಳಲ್ಲಿ ಇದೇ ಕೆಲಸಕ್ಕೆ ಕೈಹಾಕುವ ನರ್ಸ್‌ಗಳಿಗೆ, ಥಿಯೇಟರ್ ತಂತ್ರಜ್ಞರಿಗೆ ಆ ಅಲೆದಾಟ ಸ್ವಲ್ಪವಾದರೂ ತಪ್ಪಲಿ ಎಂದು ಇದನ್ನು ಬರೆಯುತ್ತಿದ್ದೇನೆ. ರೋಗಿಗಳ ಮನೆಯವರು ಓದಿದರೂ ಉಪಯೋಗವಾದೀತು.

ಫಿಸ್ಟುಲಾ ಎಂದರೇನು ಎಂಬುದನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಡಯಾಲಿಸಿಸ್ ಯಂತ್ರಕ್ಕೆ ರಕ್ತ ರಭಸದಿಂದ ಹರಿದು ಬರಬೇಕು. ಕೈಯ ಮೇಲೆ ಕಾಣುವ ಅಭಿಧಮನಿಯಲ್ಲಿ ಆ ರಭಸವಿಲ್ಲ; ರಭಸವಿರುವ ಅಪಧಮನಿ ಆಳದಲ್ಲಿದೆ, ಅದಕ್ಕೆ ವಾರಕ್ಕೆ ಎರಡು ಮೂರು ಸಲ ದಪ್ಪ ಸೂಜಿ ಚುಚ್ಚಲಾಗದು. ಎರಡನ್ನೂ ಕೂಡಿಸಿ ಹೊಲಿದರೆ ಅಪಧಮನಿಯ ರಕ್ತ ಅಭಿಧಮನಿಗೆ ನುಗ್ಗುತ್ತದೆ, ಆರೆಂಟು ವಾರಗಳಲ್ಲಿ ಅದು ಹಿಗ್ಗಿ ಗೋಡೆ ದಪ್ಪವಾಗಿ ಸೂಜಿ ತಾಳುವಂತಾಗುತ್ತದೆ. ನ್ಯೂಯಾರ್ಕಿನ ಬ್ರೆಸಿಯಾ, ಸಿಮಿನೊ ಮತ್ತು ಅವರ ಸಂಗಡಿಗರು ಇದನ್ನು ಮಣಿಕಟ್ಟಿನಲ್ಲಿ ಮಾಡಿ 1966ರಲ್ಲಿ ಪ್ರಕಟಿಸಿದರು. ಇಂದಿಗೂ ಮೊದಲ ಆಯ್ಕೆ ಅದೇ. ಹೊಲಿಯಬೇಕಾದ ನಾಳಗಳ ಅಗಲ ಎರಡು ಮೂರು ಮಿಲಿಮೀಟರ್. ನಮ್ಮ ಥಿಯೇಟರಿನ ಅಷ್ಟೂ ಉಪಕರಣಗಳ ನಡುವೆ ಆ ಅಳತೆಯ ಕೆಲಸಕ್ಕೆ ಒದಗುವಂಥದ್ದು ಒಂದೂ ಇರಲಿಲ್ಲ.

ತಜ್ಞರು ಕೈಬರಹದ ಪಟ್ಟಿಯ ಫೋಟೊ ಕಳುಹಿಸಿದರು. ಇಪ್ಪತ್ತೆರಡು ಸಾಲು. ಮೊದಲ ದಿನ ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ: ಪಟ್ಟಿ ಹಿಡಿದು ಕಪಾಟಿನ ಮುಂದೆ ನಿಂತು, ಇದು ಇದೆ, ಇದು ಇಲ್ಲ ಎಂದು ಗೀಟು ಹಾಕಿದೆ. ಮನೆಗೆ ಹೋದ ಮೇಲೂ ಸಮಾಧಾನವಾಗಲಿಲ್ಲ. ಮರುದಿನ ತಜ್ಞರಿಗೇ ಕರೆ ಮಾಡಿ, "ಸರ್, ನೀವು ಆಪರೇಷನ್ ಮಾಡುವ ಕ್ರಮವನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಹೇಳಿಬಿಡಿ, ಬರೆದುಕೊಳ್ಳುತ್ತೇನೆ" ಎಂದು ಕೇಳಿಕೊಂಡೆ. ಅವರು ಬೇಸರಿಸದೆ ಇಪ್ಪತ್ತು ನಿಮಿಷ ಹೇಳಿದರು. ಗುರುತು ಹಾಕುವುದು, ಮರಗಟ್ಟಿಸುವುದು, ಚರ್ಮ ಸೀಳುವುದು, ನಾಳ ಬಿಡಿಸಿ ಎತ್ತಿ ಹಿಡಿಯುವುದು, ಹರಿವು ತಡೆಯುವುದು, ಅಪಧಮನಿಗೆ ಬಾಯಿ ತೆರೆಯುವುದು, ಹೊಲಿಯುವುದು, ಹರಿವು ಬಿಡುವುದು, ಚರ್ಮ ಮುಚ್ಚುವುದು. ಪ್ರತಿ ಹಂತದ ಎದುರು ಆಗ ಕೈಗೆ ಬೇಕಾಗುವ ವಸ್ತುವನ್ನು ಬರೆಯುತ್ತ ಹೋದೆ. ಅವರು ಕಳುಹಿಸಿದ ಪಟ್ಟಿಯಲ್ಲಿ ಇಲ್ಲದ ನಾಲ್ಕು ವಸ್ತುಗಳು ಆಗ ಹೊರಬಿದ್ದವು: ಚರ್ಮದ ಮೇಲೆ ಗುರುತು ಹಾಕುವ ಪೆನ್ನು, ಹೊಲಿಗೆಯ ಮೇಲೆ ರಕ್ತ ಹರಿಯುವ ಸದ್ದು ಆಲಿಸಲು ಡಾಪ್ಲರ್ ಕಡ್ಡಿಗೆ ತೊಡಿಸುವ ನಂಜುರಹಿತ ಚೀಲ, ಕುಳಿತು ಕೆಲಸ ಮಾಡಲು ಎರಡು ಸ್ಟೂಲು, ಕೈಯನ್ನು ಚಾಚಿಡುವ ಅಗಲ ಹಲಗೆ. ದೊಡ್ಡ ಆಸ್ಪತ್ರೆಯಲ್ಲಿ ಇವು ಇದ್ದೇ ಇರುತ್ತವೆ, ಅದಕ್ಕೇ ಅವರು ಬರೆದಿರಲಿಲ್ಲ. ನನ್ನ ಇಡೀ ಅನುಭವದಲ್ಲಿ ನಿಮಗೆ ಒತ್ತಿ ಹೇಳಬೇಕಾದ ಮಾತು ಇದು: ಪಟ್ಟಿಯನ್ನು ಕಪಾಟಿನ ಕ್ರಮದಲ್ಲಿ ಬರೆಯಬೇಡಿ, ಶಸ್ತ್ರಚಿಕಿತ್ಸೆಯ ಕ್ರಮದಲ್ಲಿ ಬರೆಯಿರಿ.

ಆ ಹಲಗೆಯ ಕಥೆಯನ್ನೂ ಹೇಳಬೇಕು. ಸಲೈನ್ ಹಾಕುವಾಗ ಕೈ ಇಡುವ ನಾಲ್ಕು ಬೆರಳಗಲದ ಹಲಗೆ ನಮ್ಮಲ್ಲಿತ್ತು. ಫಿಸ್ಟುಲಾಗೆ ಅದು ಸಾಲದು. ಶಸ್ತ್ರವೈದ್ಯರು ಮತ್ತು ಸಹಾಯಕರು ಎರಡೂ ಬದಿ ಕುಳಿತು ಮೊಣಕೈ ಊರಬೇಕು, ಇಲ್ಲದಿದ್ದರೆ ಬೆರಳು ಅಲುಗುತ್ತದೆ. ಕಂಪನಿಯ ಬೆಲೆ ಕೇಳಿ ಆಡಳಿತದವರು ಹಿಂದೆ ಸರಿದರು. ಕೊನೆಗೆ ಊರಿನ ವೆಲ್ಡಿಂಗ್ ಅಂಗಡಿಯವರಿಗೆ ನಮ್ಮ ಟೇಬಲ್ಲಿನ ಎತ್ತರ ತೋರಿಸಿ, ಕಬ್ಬಿಣದ ಕಾಲುಗಳ ಮೇಲೆ ಎರಡಡಿ ಅಗಲದ ಸ್ಟೀಲ್ ತಗಡಿನ ಮೇಜು ಮಾಡಿಸಿಕೊಂಡೆವು. 2,200 ರೂಪಾಯಿ. ಅಂಚುಗಳನ್ನು ಚೆನ್ನಾಗಿ ಉಜ್ಜಿಸಿ. ನಮ್ಮದರ ಒಂದು ಮೂಲೆ ಚೂಪಾಗಿದ್ದು, ಹೊದಿಸಿದ ಬಟ್ಟೆ ಹರಿದು ಇನ್ನೊಂದು ಸಲ ಅಂಗಡಿಗೆ ಒಯ್ಯಬೇಕಾಯಿತು.

ಉಪಕರಣಗಳಿಗೆ ಮೂರು ಕಡೆಯಿಂದ ದರಪಟ್ಟಿ ತರಿಸಬೇಕು, ಆಡಳಿತ ಸಮಿತಿಯ ಸಹಿಯಾಗಬೇಕು, ಆಮೇಲೆ ಮುಂಗಡ. ಇದಕ್ಕೆ ಎಂಟು ದಿನ ಹೋಯಿತು. ನಡುವೆ ನಾಗರ ಪಂಚಮಿ ಬಂತು. ನಮ್ಮ ಕಡೆ ಪಂಚಮಿ ಎಂದರೆ ದೊಡ್ಡ ಹಬ್ಬ. ಸಹಿ ಹಾಕಬೇಕಾದವರು ಊರಿಗೆ, ಸಾಮಾನು ಕಳುಹಿಸಬೇಕಾದವರ ಅಂಗಡಿಗೆ ಬೀಗ. ದಿನ ಎಣಿಸುವಾಗ ಹಬ್ಬಗಳನ್ನು ಕಳೆದು ಎಣಿಸಿ. ತೆರಿಗೆ ಸೇರಿ ನಮಗೆ ಬಿದ್ದ ಬೆಲೆ ಹೀಗಿತ್ತು: ಕ್ಯಾಸ್ಟ್ರೊವಿಯೆಹೊ ಎಂಬ ಸೂಕ್ಷ್ಮ ಸೂಜಿ ಹಿಡಿಕೆ ಒಂದಕ್ಕೆ 4,800ರಂತೆ ಎರಡು, ಸೂಕ್ಷ್ಮ ಚಿಮುಟ 2,600ರಂತೆ ಎರಡು, ಹರಿವು ತಡೆಯುವ ಬುಲ್‌ಡಾಗ್ ಕ್ಲಾಂಪ್ 950ರಂತೆ ನಾಲ್ಕು, ಕೋನವಾಗಿ ಬಾಗಿದ ಪಾಟ್ಸ್ ಕತ್ತರಿ 3,400, ನಾಳವನ್ನು ಜಜ್ಜದೆ ಹಿಡಿಯುವ ಡಿಬೇಕಿ ಚಿಮುಟ 1,100ರಂತೆ ಎರಡು, ಇವನ್ನೆಲ್ಲ ತುದಿ ತಾಗದಂತೆ ಇಡುವ ಸಿಲಿಕೋನ್ ಹಾಸಿನ ಪೆಟ್ಟಿಗೆ 1,800. ಒಟ್ಟು 26,000. ಮಸ್ಕಿಟೊ ಫೋರ್ಸೆಪ್ಸ್, ಮೆಟ್ಜೆನ್‌ಬಾಮ್ ಕತ್ತರಿ, ಆಡ್ಸನ್ ಚಿಮುಟ, ಗಾಯ ಅಗಲಿಸಿ ಹಿಡಿಯುವ ರಿಟ್ರ್ಯಾಕ್ಟರ್, ಮೂರನೇ ನಂಬರಿನ ಬ್ಲೇಡ್ ಹಿಡಿಕೆ ನಮ್ಮಲ್ಲೇ ಇದ್ದವು. ವರ್ಧಕ ಕನ್ನಡಕವನ್ನು ತಜ್ಞರೇ ತರುತ್ತಾರೆ, ಅದಕ್ಕೆ ಖರ್ಚಿಲ್ಲ.

ಹದಿನಾಲ್ಕನೆಯ ದಿನ ಪೆಟ್ಟಿಗೆ ಬಂತು. ಬಿಚ್ಚಿ ಫೋಟೊ ತೆಗೆದು ತಜ್ಞರಿಗೆ ಕಳುಹಿಸಿದೆ. ಐದೇ ನಿಮಿಷದಲ್ಲಿ ಕರೆ ಬಂತು. "ಸಿಸ್ಟರ್, ಇದು ಕಣ್ಣಿನ ಆಪರೇಷನ್ನಿಗೆ ಬಳಸುವ ಸೂಜಿ ಹಿಡಿಕೆ. ನಮ್ಮ ಸೂಜಿ ಹಿಡಿದರೆ ತುದಿ ಅಗಲಿ ಹೋಗುತ್ತದೆ." ಹೆಸರು ಅದೇ, ಆಕಾರವೂ ಅದೇ, ಉದ್ದ ಕಡಿಮೆ, ತುದಿ ತೀರ ಸಣ್ಣದು. ತಪ್ಪು ಮಾರಾಟಗಾರರದು ಎನ್ನುವಂತಿಲ್ಲ, ನಮ್ಮ ಬೇಡಿಕೆ ಪತ್ರದಲ್ಲಿ ಬರೀ ಹೆಸರಿತ್ತು, ಅಳತೆ ಇರಲಿಲ್ಲ. ನೀವು ಬರೆಯುವಾಗ ಹೆಸರಿನ ಜೊತೆಗೆ ಉದ್ದವನ್ನೂ, ನೆಟ್ಟಗಿನದೋ ಬಾಗಿದ್ದೋ, ಬೀಗವಿರುವುದೋ ಇಲ್ಲದ್ದೋ, ರಕ್ತನಾಳದ ಕೆಲಸಕ್ಕೆ ಎಂಬುದನ್ನೂ ಬರೆಯಿರಿ. ಬದಲಿ ಬರಲು ಐದು ದಿನ.

ಆ ಐದು ದಿನಗಳಲ್ಲಿ ಉಳಿದ ಉಪಕರಣಗಳನ್ನು ಪರೀಕ್ಷಿಸಿದೆ. ಹೊಸದು ಎಂದ ಮಾತ್ರಕ್ಕೆ ಸರಿ ಇರುತ್ತದೆ ಎಂದು ನಂಬಬೇಡಿ. ಕ್ಲಾಂಪಿನ ಎರಡು ದವಡೆಗಳನ್ನು ಮುಚ್ಚಿ ಬೆಳಕಿಗೆ ಹಿಡಿದು ನೋಡಿದೆ. ನಾಲ್ಕರಲ್ಲಿ ಒಂದರ ನಡುವೆ ಬೆಳಕಿನ ಗೆರೆ ಕಂಡಿತು, ಅದನ್ನು ವಾಪಸ್ ಕಳುಹಿಸಿದೆ. ಸೂಕ್ಷ್ಮ ಚಿಮುಟದ ತುದಿಯಲ್ಲಿ ಒಂದು ತಲೆಗೂದಲು ಹಿಡಿದು ಎಳೆದೆ. ಜಾರದಿದ್ದರೆ ತುದಿಗಳು ಸಮ ಕೂಡಿವೆ ಎಂದರ್ಥ. ಕತ್ತರಿಯ ತುದಿಯಿಂದ ಒದ್ದೆ ಗಾಜ್ ತುಂಡನ್ನು ಕತ್ತರಿಸಿ ನೋಡಿದೆ.

ಆಮೇಲೆ ತೊಳೆದು ಆಟೋಕ್ಲೇವ್ ಮಾಡಿದೆ, ಅಂದರೆ ಒತ್ತಡದ ಹಬೆಯಲ್ಲಿಟ್ಟು ಕ್ರಿಮಿ ಕೊಲ್ಲುವುದು. ಹೊಸ ಉಪಕರಣಕ್ಕೆ ಕಾರ್ಖಾನೆಯ ಎಣ್ಣೆ ಅಂಟಿರುತ್ತದೆ, ಮೊದಲ ಸಲ ಬಿಸಿ ಮಾಡುವ ಮುನ್ನ ಅದನ್ನು ತೊಳೆದು ತೆಗೆಯಲೇಬೇಕು. ಕಿಣ್ವವಿರುವ ದ್ರಾವಣದಲ್ಲಿ ನೆನೆಸಿ, ಮೆತ್ತನೆಯ ಬ್ರಶ್ಶಿನಿಂದ ಉಜ್ಜಿ, ನೀರಿನಲ್ಲಿ ಜಾಲಿಸಿ, ಎರಡು ಸುತ್ತು ಬಟ್ಟೆಯಲ್ಲಿ ಕಟ್ಟಿ, 121 ಡಿಗ್ರಿಯಲ್ಲಿ ಮೂವತ್ತು ನಿಮಿಷ ಇಟ್ಟೆ. ಬಿಚ್ಚಿ ನೋಡಿದರೆ ಹೊಳೆಯುತ್ತಿದ್ದ ಚಿಮುಟದ ಮೈಮೇಲೆಲ್ಲ ಬಿಳಿ ಚುಕ್ಕೆಗಳು, ಬಟ್ಟೆಯ ಒಳಮಡಿಕೆ ಒದ್ದೆ. ನನ್ನ ಎದೆ ಧಸಕ್ಕೆಂದಿತು. ಇಪ್ಪತ್ತಾರು ಸಾವಿರದ ಸಾಮಾನು ಒಂದೇ ದಿನಕ್ಕೆ ಹಾಳು ಮಾಡಿದೆನೇ ಎಂದು. ಹಾಳಾಗಿರಲಿಲ್ಲ. ನಮ್ಮ ಕೊಳವೆಬಾವಿಯ ನೀರು ಗಡಸು, ಪಾತ್ರೆಗಳ ತಳದಲ್ಲಿ ಬಿಳಿ ಪೊರೆ ಕಟ್ಟುವ ನೀರು. ದಪ್ಪ ಉಪಕರಣಗಳ ಮೇಲೆ ಆ ಚುಕ್ಕೆ ಇಷ್ಟು ವರ್ಷ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಕೂದಲು ಹಿಡಿಯಬೇಕಾದ ತುದಿಯ ಮೇಲೆ ಬಿದ್ದಾಗ ಕಂಡಿತು.

ಪರಿಹಾರ ಪಕ್ಕದ ಕೋಣೆಯಲ್ಲೇ ಇತ್ತು. ಡಯಾಲಿಸಿಸ್ ಯಂತ್ರಗಳಿಗೆ ಆರ್‌ಓ ಘಟಕದ ಶುದ್ಧ ನೀರು ಇದ್ದೇ ಇರುತ್ತದೆ. ಅಲ್ಲಿನ ತಂತ್ರಜ್ಞನನ್ನು ಕೇಳಿದೆ. "ಅಕ್ಕಾ, ದಿನಕ್ಕೆ ಎರಡು ಕ್ಯಾನು ಒಯ್ಯಿರಿ, ಇಷ್ಟು ವರ್ಷ ಯಾಕೆ ಕೇಳಲಿಲ್ಲ?" ಎಂದ. ಈಗ ಕೊನೆಯ ಜಾಲಿಸುವಿಕೆಗೂ ಆಟೋಕ್ಲೇವಿನ ತೊಟ್ಟಿಗೂ ಅದೇ ನೀರು. ಬಟ್ಟೆ ಒದ್ದೆಯಾಗಿದ್ದಕ್ಕೆ ಕಾರಣ ಬೇರೆ: ಡ್ರಮ್ಮಿನಲ್ಲಿ ಗಂಟುಗಳನ್ನು ಒತ್ತೊತ್ತಿ ತುಂಬಿದ್ದೆ, ಹಬೆ ಹೋದ ತಕ್ಷಣ ಅವಸರದಿಂದ ಮುಚ್ಚಳ ತೆಗೆದಿದ್ದೆ. ಒದ್ದೆ ಗಂಟು ಬಿಸಿಯಾಗಿದ್ದರೂ ಅದು ನಂಜುರಹಿತವಲ್ಲ, ಒದ್ದೆ ಬಟ್ಟೆಯ ಮೂಲಕ ಕ್ರಿಮಿ ಒಳಸೇರುತ್ತದೆ. ಬಿಚ್ಚಿ ಮತ್ತೆ ಮೊದಲಿನಿಂದ ಮಾಡಬೇಕು. ಗಂಟಿನ ಹೊರಗೆ ಅಂಟಿಸುವ ಸೂಚಕ ಪಟ್ಟಿಯ ಮೇಲೆ ಕಪ್ಪು ಗೆರೆ ಮೂಡಿದೆ ಎಂದರೆ ಗಂಟು ಆಟೋಕ್ಲೇವಿಗೆ ಹೋಗಿ ಬಂದಿದೆ ಎಂದಷ್ಟೇ ಅರ್ಥ. ಒಳಗೆ ಹಬೆ ತಲುಪಿತೇ ಎಂದು ತಿಳಿಯಲು ಉಪಕರಣಗಳ ನಡುವೆಯೇ ಒಂದು ಸೂಚಕ ಪಟ್ಟಿ ಇಡಿ. ಇನ್ನೊಂದು ಮಾತು, ರಕ್ತ ಮೆತ್ತಿದ ಉಪಕರಣಗಳನ್ನು ಸಲೈನಿನಲ್ಲಿ ನೆನೆಹಾಕಬೇಡಿ. ಉಪ್ಪು ಉಕ್ಕನ್ನು ತಿನ್ನುತ್ತದೆ.

ಔಷಧಗಳ ವಿಷಯದಲ್ಲಿ ನನ್ನನ್ನು ಹೆದರಿಸಿದ್ದು ಹೆಪಾರಿನ್. ಹೊಲಿಯುವಾಗ ನಾಳದೊಳಗೆ ರಕ್ತ ಹೆಪ್ಪುಗಟ್ಟದಂತೆ ತೊಳೆಯಲು ಹೆಪಾರಿನ್ ಬೆರೆಸಿದ ಸಲೈನ್ ಬೇಕು. ನಮ್ಮ ತಜ್ಞರು ಕೇಳಿದ್ದು 500 ಮಿಲಿಲೀಟರ್ ಸಲೈನಿನಲ್ಲಿ 5,000 ಯೂನಿಟ್. ಕಪಾಟಿನಲ್ಲಿ ಎರಡು ಬಗೆಯ ಬಾಟಲಿಗಳಿದ್ದವು, ಎರಡೂ ಐದು ಮಿಲಿಲೀಟರಿನವು, ಎರಡೂ ಒಂದೇ ಗಾತ್ರ. ಒಂದರಲ್ಲಿ ಪ್ರತಿ ಮಿಲಿಲೀಟರಿಗೆ 1,000 ಯೂನಿಟ್, ಇನ್ನೊಂದರಲ್ಲಿ 5,000. ಮೊದಲನೆಯದಾದರೆ ಬಾಟಲಿ ಪೂರ್ತಿ ಬೇಕು, ಎರಡನೆಯದಾದರೆ ಒಂದೇ ಮಿಲಿಲೀಟರ್. ಮರೆವಿನಲ್ಲಿ ಎರಡನೆಯದನ್ನು ಪೂರ್ತಿ ಸುರಿದರೆ 25,000 ಯೂನಿಟ್ ಆಗಿಬಿಡುತ್ತದೆ. ಎರಡನೆಯ ಬಗೆಯನ್ನು ನಾನು ಥಿಯೇಟರಿನ ಕಪಾಟಿನಿಂದಲೇ ತೆಗೆಸಿದೆ. ಪ್ರಮಾಣ ಶಸ್ತ್ರವೈದ್ಯರಿಂದ ಶಸ್ತ್ರವೈದ್ಯರಿಗೆ ಬೇರೆಯಾಗುತ್ತದೆ, ಆದ್ದರಿಂದ ನನ್ನ ಲೆಕ್ಕವನ್ನು ನಕಲು ಮಾಡಬೇಡಿ. ನಿಮ್ಮವರನ್ನು ಕೇಳಿ, ಬರೆಸಿಕೊಳ್ಳಿ, ಬೆರೆಸುವಾಗ ಇನ್ನೊಬ್ಬರಿಗೆ ಬಾಟಲಿ ತೋರಿಸಿ ಗಟ್ಟಿಯಾಗಿ ಓದಿ. ಮರಗಟ್ಟಿಸುವ ಲಿಗ್ನೊಕೇನ್ ಕೂಡ ಹಾಗೆಯೇ. ಅಡ್ರಿನಲಿನ್ ನಾಳಗಳನ್ನು ಬಿಗಿಯುತ್ತದೆ, ಅಡ್ರಿನಲಿನ್ ಸೇರದ್ದೇ ಬೇಕು ಎಂದು ನಮ್ಮವರು ಎರಡು ಸಲ ಹೇಳಿದ್ದರು. ಬಿಗಿದ ನಾಳವನ್ನು ಸಡಿಲಿಸುವ ಪಾಪಾವರಿನ್ ನಮ್ಮ ಊರಿನ ಅಂಗಡಿಗಳಲ್ಲಿ ಸಿಗಲಿಲ್ಲ, ಹುಬ್ಬಳ್ಳಿಯಿಂದ ತರಿಸಿದೆವು. ಸಾದಾ ಸಲೈನ್, ಹೆಪಾರಿನ್ ಸಲೈನ್, ಲಿಗ್ನೊಕೇನ್, ಪಾಪಾವರಿನ್ ನಾಲ್ಕೂ ಬಟ್ಟಲಿಗೆ ಬಿದ್ದರೆ ನೀರಿನಂತೆಯೇ ಕಾಣುತ್ತವೆ. ಪ್ರತಿ ಬಟ್ಟಲಿಗೂ, ಪ್ರತಿ ಸಿರಿಂಜಿಗೂ ಹೆಸರಿನ ಚೀಟಿ ಅಂಟಿಸಿ.

ಇನ್ನು ದಾರ. ಇಲ್ಲಿಯೇ ನಾನು ಬಹುತೇಕ ಸೋತೆ.

ನಾಳ ಹೊಲಿಯುವುದು ಪಾಲಿಪ್ರೊಪಿಲೀನ್ ದಾರದಿಂದ, ಮಣಿಕಟ್ಟಿಗೆ 7-0, ಮೊಣಕೈಗೆ 6-0. ಸೊನ್ನೆಯ ಮುಂದಿನ ಅಂಕಿ ಹೆಚ್ಚಾದಷ್ಟೂ ದಾರ ಸಣ್ಣದು. 7-0 ಎಂದರೆ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗಕ್ಕಿಂತ ತುಸು ದಪ್ಪ. ಹನ್ನೆರಡರ ಪೆಟ್ಟಿಗೆಗೆ 7,200 ರೂಪಾಯಿ, ಪೆಟ್ಟಿಗೆ ಒಡೆದು ಬಿಡಿಯಾಗಿ ಕೊಡುವುದಿಲ್ಲ. ಎರಡೂ ಪೆಟ್ಟಿಗೆಗಳು ಬಂದು ವಾರವಾಗಿತ್ತು. ಅಳತೆ ಓದಿದ್ದೆ, ಅವಧಿ ಮುಗಿಯುವ ದಿನಾಂಕ ಓದಿದ್ದೆ. ಶುಕ್ರವಾರ ಸಂಜೆ, ಶಸ್ತ್ರಚಿಕಿತ್ಸೆಗೆ ಒಂದೇ ದಿನ ಉಳಿದಿರುವಾಗ, ಹಂತಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಒಂದೊಂದೇ ವಸ್ತುವನ್ನು ಕೈಯಲ್ಲಿ ಎತ್ತಿ ನೋಡುತ್ತಿದ್ದೆ. 7-0 ಪೆಟ್ಟಿಗೆಯ ಮೂಲೆಯಲ್ಲಿ ಸೂಜಿಯ ಗುರುತಿತ್ತು. ಸಣ್ಣದೊಂದು ತ್ರಿಕೋನ. ತ್ರಿಕೋನ ಎಂದರೆ ಅಂಚಿನಿಂದ ಕೊಯ್ಯುವ ಸೂಜಿ, ಚರ್ಮ ಹೊಲಿಯಲು. ನಾಳಕ್ಕೆ ಬೇಕಾದದ್ದು ಗುಂಡು ಮೈಯ ಸೂಜಿ. ಅದರ ಗುರುತು ವೃತ್ತ. ಕೊಯ್ಯುವ ಸೂಜಿಯಿಂದ ಅಪಧಮನಿ ಹೊಲಿದರೆ ಪ್ರತಿ ತೂತೂ ಸೀಳಿ ರಕ್ತ ಒಸರುತ್ತದೆ. ಅಷ್ಟೇ ಅಲ್ಲ, ದಾರದ ಎರಡೂ ತುದಿಗೆ ಸೂಜಿ ಇರಬೇಕಿತ್ತು, ಇದಕ್ಕೆ ಒಂದೇ ಇತ್ತು. ಟೇಬಲ್ಲಿನ ಮೇಲೆ ಪೆಟ್ಟಿಗೆ ಇಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಇಬ್ಬರು ರೋಗಿಗಳಿಗೆ ದಿನ ಕೊಟ್ಟಾಗಿದೆ. ಒಬ್ಬರ ಕುತ್ತಿಗೆಯ ನಳಿಕೆ ಆಗಲೇ ಎರಡು ಸಲ ನಂಜಾಗಿದೆ.

ಬಾಗಲಕೋಟೆಯಲ್ಲಿ ಇರಲಿಲ್ಲ. ವಿಜಯಪುರದಲ್ಲಿ ಒಬ್ಬರು ಇದೆ ಎಂದರು, ಫೋಟೊ ಕಳುಹಿಸಿ ಎಂದಾಗ ಮತ್ತೆ ಅದೇ ತ್ರಿಕೋನ. ಹುಬ್ಬಳ್ಳಿಯ ಒಬ್ಬ ಸಗಟು ವ್ಯಾಪಾರಿ ಶನಿವಾರ ಮಧ್ಯಾಹ್ನ ಮೂರಕ್ಕೆ ಸಿಗುತ್ತದೆ ಎಂದರು. ನಮ್ಮ ಔಷಧ ಅಂಗಡಿಯ ಹುಡುಗ ಬೆಳಿಗ್ಗೆಯೇ ಬಸ್ ಹತ್ತಿ ಹೊರಟ. ಮೂರಕ್ಕೆ ಎಂದವರು ಕೊಟ್ಟಿದ್ದು ಏಳಕ್ಕೆ. ಅವನು ಬಸ್ಸಿನಲ್ಲಿ ಕುಳಿತು ಪೆಟ್ಟಿಗೆಯ ಫೋಟೊ ಕಳುಹಿಸಿದ: ವೃತ್ತ, ಎರಡು ಸೂಜಿ. ನವಲಗುಂದ ದಾಟಿದೆ, ನರಗುಂದ ದಾಟಿದೆ, ಕೆರೂರು ದಾಟಿದೆ ಎಂದು ಅವನು ಸಂದೇಶ ಕಳುಹಿಸುತ್ತಿದ್ದಂತೆ ನಾನು ಗಾಜ್ ಎಣಿಸಿ ಕಟ್ಟುತ್ತಿದ್ದೆ. ಹತ್ತೂವರೆಗೆ ಪೆಟ್ಟಿಗೆ ನನ್ನ ಕೈಗೆ ಬಂತು. ಆ ಹುಡುಗನಿಗೆ ಊಟ ಹಾಕಿಸಿ ಕಳುಹಿಸಿದೆ. ಹಳೆಯ ಪೆಟ್ಟಿಗೆಯನ್ನು ಮಾರಿದವರು, ಸೀಲು ಒಡೆಯದಿದ್ದರೂ, ಹಿಂದೆ ಪಡೆಯಲು ಇನ್ನೂ ಒಪ್ಪಿಲ್ಲ.

ಆ ಶನಿವಾರ ಹಗಲಲ್ಲಿ ರೋಗಿಗಳ ಕೆಲಸವೂ ಇತ್ತು. ಮೊದಲನೆಯವರು ಗುಳೇದಗುಡ್ಡದ ನೇಕಾರರು, ಐವತ್ತೆಂಟು ವರ್ಷ, ಖಣ ನೇಯುವವರು. ಬಿಪಿಎಲ್ ಕಾರ್ಡ್ ಇದ್ದುದರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಅರ್ಜಿ ಹೋಗಿತ್ತು. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಅವರ ಬಳಿ ಇತ್ತು, ಆದರೆ ರೇಷನ್ ಕಾರ್ಡಿನಲ್ಲಿ ಮನೆತನದ ಹೆಸರು ಇತ್ತು, ಆಧಾರ್‌ನಲ್ಲಿ ಇರಲಿಲ್ಲ. ಇದರಿಂದಾಗಿ ಒಪ್ಪಿಗೆ ಒಂಬತ್ತು ದಿನ ತಡವಾಯಿತು. ಡಯಾಲಿಸಿಸ್ ಆರಂಭವಾದ ದಿನವೇ ಮನೆಯವರು ಈ ಎರಡು ಹೆಸರುಗಳನ್ನು ಹೋಲಿಸಿ ನೋಡಿಕೊಳ್ಳುವುದು ಒಳ್ಳೆಯದು. ಯಾವ ಕೈ ಎಂಬುದನ್ನು ನಿರ್ಧರಿಸುವಾಗ ತಜ್ಞರು ಫೋನಿನಲ್ಲೇ ಅವರ ಕೆಲಸ ವಿಚಾರಿಸಿದರು. "ಬಲಗೈಯಿಂದ ಲಾಳಿಯ ಹಗ್ಗ ಎಳೆಯುತ್ತೇನೆ, ಎಡಗೈಯಿಂದ ಹಲಗೆ ಬಡಿಯುತ್ತೇನೆ ಸಾಹೇಬರೇ, ಎರಡೂ ಬೇಕು" ಎಂದರು. ಬರೆಯುವ, ಉಣ್ಣುವ ಕೈಯನ್ನು ಬಿಟ್ಟು ಎಡ ಮಣಿಕಟ್ಟು ಎಂದು ಗೊತ್ತಾಯಿತು. ಡಾಪ್ಲರ್ ಪರೀಕ್ಷೆಯಲ್ಲಿ ಎರಡೂ ನಾಳ ಎರಡು ಮಿಲಿಮೀಟರಿಗಿಂತ ಅಗಲವಿದ್ದವು.

ಎರಡನೆಯವರು ಜಮಖಂಡಿ ಕಡೆಯ ತಾಯಿ. ಅವರ ಮಣಿಕಟ್ಟಿನ ಅಭಿಧಮನಿ ಒಂದೂವರೆ ಮಿಲಿಮೀಟರೂ ಇರಲಿಲ್ಲ; ವರ್ಷಗಟ್ಟಲೆ ಅದೇ ಕೈಗೆ ಸಲೈನ್ ಚುಚ್ಚಿ ಚುಚ್ಚಿ ಗಟ್ಟಿಯಾಗಿ ಹೋಗಿತ್ತು. ಮೂತ್ರಪಿಂಡದ ಕಾಯಿಲೆ ಎಂದು ತಿಳಿದವರ ಬಲಗೈಯಾಗಲಿ ಎಡಗೈಯಾಗಲಿ, ಫಿಸ್ಟುಲಾಗೆಂದು ಆರಿಸಿದ ಕೈಗೆ ಡಯಾಲಿಸಿಸ್‌ನದ್ದು ಬಿಟ್ಟು ಬೇರೆ ಸೂಜಿ ಬೇಡ, ಬಿಪಿ ಪಟ್ಟಿಯೂ ಬೇಡ. ದಯವಿಟ್ಟು ಇದನ್ನು ನೆನಪಿಡಿ, ನರ್ಸ್‌ಗಳು ಮರೆತರೆ ಮನೆಯವರು ನೆನಪಿಸಿ. ಆ ತಾಯಿಗೆ ಮೊಣಕೈಯಲ್ಲಿ ಮಾಡುವುದೆಂದಾಯಿತು. ಅವರ ಎರಡೂ ಕೈಗಳಲ್ಲಿ ಎಂಟೆಂಟು ಹಸಿರು ಗಾಜಿನ ಬಳೆಗಳಿದ್ದವು. ಎಡಗೈಯವನ್ನು ತೆಗೆಯಬೇಕು ಎಂದೆ. ಮುಖ ಕಪ್ಪಿಟ್ಟಿತು. "ಶ್ರಾವಣದಲ್ಲಿ ಕೈ ಬರಿದು ಮಾಡು ಎನ್ನುತ್ತೀಯಾ ಯವ್ವಾ? ಮನೆಯವರು ಹೊರಗೆ ಕುಳಿತಿದ್ದಾರೆ" ಎಂದು ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. ನನ್ನ ಇಪ್ಪತ್ತೆರಡು ಸಾಲಿನ ಪಟ್ಟಿಯಲ್ಲಾಗಲಿ, ಹಂತಗಳ ಪಟ್ಟಿಯಲ್ಲಾಗಲಿ ಇದು ಎಲ್ಲಿಯೂ ಇರಲಿಲ್ಲ. ಬಲವಂತ ಮಾಡಲು ಮನಸ್ಸು ಬರಲಿಲ್ಲ. ಒಂದು ಬಟ್ಟಲು ಸಾಬೂನು ನೀರು ತಂದು ಪಕ್ಕದಲ್ಲಿ ಕುಳಿತೆ. ಎಡಗೈಯಿಂದ ಒಂದು ಬಳೆ ಜಾರಿಸಿ ಮೊದಲು ಬಲಗೈಗೆ ಹಾಕುವುದು, ಆಮೇಲೆ ಇನ್ನೊಂದನ್ನು ಮುಟ್ಟುವುದು. ಕೈಗೆ ಊತವಿತ್ತು, ಮುಕ್ಕಾಲು ಗಂಟೆ ಹಿಡಿಯಿತು. ಒಂದೂ ಒಡೆಯಲಿಲ್ಲ. ಬಲಗೈಯಲ್ಲಿ ಹದಿನಾರು ಬಳೆ ಸೇರಿದ ಮೇಲೆ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದರು. ಶಸ್ತ್ರಚಿಕಿತ್ಸೆಯ ಬೆಳಿಗ್ಗೆ ಈ ಕೆಲಸಕ್ಕೆ ಕುಳಿತಿದ್ದರೆ ಬಳೆಗಳು ಉಳಿಯುತ್ತಿರಲಿಲ್ಲ. ಈಗ ನನ್ನ ಪಟ್ಟಿಯ ಮೊದಲ ಸಾಲೇ ಬಳೆ, ಉಂಗುರ, ಕಟ್ಟಿದ ದಾರ.

ಭಾನುವಾರ ಎಂಟಕ್ಕೆ ತಜ್ಞರು ಬಂದರು. ಟ್ರೇ ನೋಡಿ, ಸೂಜಿ ಹಿಡಿಕೆಯನ್ನು ಎರಡು ಸಲ ಬೀಗ ಹಾಕಿ ತೆಗೆದು, "ಆರಂಭಿಸೋಣ" ಎಂದರು. ಚರ್ಮ ಸೀಳಿದ ಮೇಲಿನ ಕೆಲಸ ನನ್ನ ಕಾಗದದಲ್ಲಿದ್ದ ಕ್ರಮದಲ್ಲೇ ನಡೆಯಿತು. ನಾಳವನ್ನು ಸುತ್ತಿ ಎತ್ತಿ ಹಿಡಿಯುವ ಮೆತ್ತನೆಯ ಎಳೆಗೆ ಲೂಪ್ ಎನ್ನುತ್ತಾರೆ; ಅಪಧಮನಿಗೆ ಕೆಂಪು ಲೂಪ್, ಅಭಿಧಮನಿಗೆ ನೀಲಿ. ಅಭಿಧಮನಿಯ ಬಾಯಿ ಚಿಕ್ಕದೆನಿಸಿದಾಗ ಅವರು ಕೇಳಿದ್ದು ಮಕ್ಕಳಿಗೆ ಹಾಲುಣಿಸುವ ಐದನೇ ನಂಬರಿನ ಸಣ್ಣ ನಳಿಕೆ. ಅದರಿಂದಲೇ ಹೆಪಾರಿನ್ ಸಲೈನ್ ಬಿಟ್ಟು ಹಿಗ್ಗಿಸಿದರು. 7-0 ದಾರ ನನ್ನ ಕಣ್ಣಿಗೆ ಕಾಣುತ್ತಲೇ ಇರಲಿಲ್ಲ, ಸೂಜಿಯ ಮಿಂಚು ಮಾತ್ರ ಕಾಣುತ್ತಿತ್ತು. ದಾರದ ಇನ್ನೊಂದು ತುದಿಯನ್ನು ಮಸ್ಕಿಟೊ ಫೋರ್ಸೆಪ್ಸ್‌ನಿಂದ ಹಾಗೆಯೇ ಹಿಡಿದರೆ ದಾರ ಜಜ್ಜಿ ತುಂಡಾಗುತ್ತದೆ. ಫೋರ್ಸೆಪ್ಸ್‌ನ ತುದಿಗಳಿಗೆ ಮೆತ್ತನೆಯ ರಬ್ಬರ್ ನಳಿಕೆಯ ಚೂರು ತೊಡಿಸಿರಬೇಕು. ಕೈಗೆ ತಾಗಿದ ಪುಡಿ ದಾರಕ್ಕೆ ಅಂಟಬಾರದು, ಪುಡಿಯಿಲ್ಲದ ಕೈಗವಸು ಇಡಿ.

ನೇಕಾರರಿಗೆ ಎಚ್ಚರವಿತ್ತು. ಹಸಿರು ಬಟ್ಟೆಯ ಆಚೆಯಿಂದ, "ತಂಗಿ, ಅದೆಷ್ಟು ಸಣ್ಣ ಎಳೆ?" ಎಂದು ಕೇಳಿದರು. ಕೂದಲಿನಷ್ಟು ಎಂದೆ. "ರೇಷ್ಮೆಗಿಂತ ಸಣ್ಣದೇ?" ಎಂದರು. ಗೊತ್ತಿಲ್ಲ, ನಿಮ್ಮ ರೇಷ್ಮೆ ನಾನು ಅಳೆದಿಲ್ಲ ಎಂದೆ. ಕ್ಲಾಂಪ್ ತೆಗೆದ ಕ್ಷಣ ಚಪ್ಪಟೆಯಾಗಿದ್ದ ನಾಳ ಉಬ್ಬಿ ಮಿಡಿಯಿತು. ತಜ್ಞರು ನನ್ನ ಬೆರಳನ್ನು ಅದರ ಮೇಲೆ ಇಡಿಸಿದರು. ಬೆಕ್ಕು ಗುರುಗುಟ್ಟುವಾಗ ಅದರ ಬೆನ್ನ ಮೇಲೆ ಕೈಯಿಟ್ಟಂತೆ ಒಂದು ಕಂಪನ. ಅದನ್ನು ಥ್ರಿಲ್ ಎನ್ನುತ್ತಾರೆ. ನನ್ನ ಕಣ್ಣು ಒದ್ದೆಯಾಯಿತು, ಒರೆಸಿಕೊಳ್ಳಲು ಕೈ ಎತ್ತುವಂತಿರಲಿಲ್ಲ.

ಗಾಜ್, ಸೂಜಿ, ಲೂಪ್, ಕ್ಲಾಂಪ್ ಎಣಿಸಿ ಲೆಕ್ಕ ಸರಿ ಎಂದು ಹೇಳಿದ ಮೇಲೆಯೇ ಚರ್ಮ ಮುಚ್ಚಿದರು. ಬುಲ್‌ಡಾಗ್ ಬೆರಳಿನ ತುದಿಯಷ್ಟು ಚಿಕ್ಕದು, ಮಡಿಕೆಯಲ್ಲಿ ಅಡಗಿಬಿಡುತ್ತದೆ, ಎರಡು ಸಲ ಎಣಿಸಿ. ಗಾಯಕ್ಕೆ ಹಗುರವಾದ ಪಟ್ಟಿ ಅಂಟಿಸಿದರೆ ಸಾಕು. ಕೈ ಸುತ್ತ ಬಿಗಿಯಾಗಿ ಬ್ಯಾಂಡೇಜ್ ಸುತ್ತಿದರೆ ಹರಿವು ನಿಂತು ಫಿಸ್ಟುಲಾ ಅಂದೇ ಮುಚ್ಚಬಹುದು; ಅಭ್ಯಾಸಬಲದಿಂದ ಯಾರೂ ಸುತ್ತದಿರಲಿ ಎಂದು ರೋಲರ್ ಬ್ಯಾಂಡೇಜನ್ನು ನಾನು ಕೋಣೆಯಿಂದಲೇ ಹೊರಗಿಟ್ಟಿದ್ದೆ. ಎರಡನೆಯದು ಮುಗಿದಾಗ ಎರಡು ಗಂಟೆ. ಆ ತಾಯಿ ಯೋಜನೆಯಡಿ ಬರದೆ ಹಣ ಕಟ್ಟಿದವರು. ದಾರ, ಔಷಧ, ಕೈಗವಸು ಸೇರಿ ಅವರ ಸಾಮಾನಿನ ಖರ್ಚು 3,900 ರೂಪಾಯಿ ಆಯಿತು. ಬಳಸಿದ ದಾರದ ಚೀಟಿಗಳನ್ನು ಇಬ್ಬರ ಕಡತಕ್ಕೂ ಅಂಟಿಸಿದೆ, ಯೋಜನೆಯ ಬಿಲ್ಲಿಗೆ ಅವನ್ನು ಕೇಳುತ್ತಾರೆ.

ಹನ್ನೆರಡನೆಯ ದಿನ ಇಬ್ಬರೂ ಚರ್ಮದ ಹೊಲಿಗೆ ಬಿಚ್ಚಿಸಿಕೊಳ್ಳಲು ಬಂದರು. ನೇಕಾರರು ದಿನಾ ಬೆಳಿಗ್ಗೆ ಮಣಿಕಟ್ಟನ್ನು ಕಿವಿಗೆ ಹಿಡಿದು ಕೇಳುತ್ತಾರಂತೆ, ಮೊಮ್ಮಗಳಿಗೂ ಕೇಳಿಸುತ್ತಾರಂತೆ. ರಬ್ಬರ್ ಚೆಂಡನ್ನು ಹಿಚುಕುವ ವ್ಯಾಯಾಮ ಹೇಳಿಕೊಟ್ಟೆ. ಮಗ್ಗಕ್ಕೆ ಯಾವಾಗ ಕೂರಲಿ ಎಂದಾಗ ತಜ್ಞರು ನೋಡುವವರೆಗೆ ಕಾಯಿರಿ ಎಂದೆ. ಜಮಖಂಡಿಯ ತಾಯಿಯ ಬಲಗೈಯಲ್ಲಿ ಹದಿನಾರೂ ಬಳೆಗಳಿದ್ದವು. ಎಡಗೈಗೆ ಇನ್ನು ಮೇಲೆ ಬಿಗಿಯಾದದ್ದು ಏನೂ ಬೇಡ ಎಂದು ಯಜಮಾನರಿಗೂ ತಿಳಿಸಿದೆ. ಅವರು ತಲೆಯಾಡಿಸಿ, ಎಡಗೈಗೆಂದು ಕೊಂಡಿದ್ದ ಸಡಿಲ ಅಳತೆಯ ಎರಡು ಬಳೆಗಳನ್ನು ಅಂಗಿಯ ಜೇಬಿನಿಂದ ತೆಗೆದು ಇಷ್ಟು ಸಡಿಲ ಸಾಕೇ ಎಂದು ತೋರಿಸಿದರು. ಗಾಯ ಪೂರ್ತಿ ಮಾಯುವವರೆಗೆ ಅವು ಜೇಬಿನಲ್ಲೇ ಇರಲಿ ಎಂದೆ.

ಮುಂದಿನ ಭಾನುವಾರಕ್ಕೆ ಮೂವರು ಇದ್ದಾರೆ. 7-0 ಇನ್ನೊಂದು ಪೆಟ್ಟಿಗೆಗೆ ಬರೆದಿದ್ದೇನೆ. ಬೇಡಿಕೆ ಪತ್ರದಲ್ಲಿ ಅಳತೆಯ ಪಕ್ಕ ಒಂದು ವೃತ್ತ ಬಿಡಿಸಿ, ಅದರ ಕೆಳಗೆ ಎರಡು ಸೂಜಿ ಎಂದು ಬರೆದು ಗೆರೆ ಎಳೆದಿದ್ದೇನೆ.